ಒಲೆಗೊಂದು ಕೊಕ್ಕೆ

ಆ ಮನೆಯಲ್ಲಿ ಏನು ಕಳೆದುಹೋದರೂ ಮೊದಲು ಬೈಸಿಕೊಳ್ಳುವವಳು ಸೊಸೆ. ಕತ್ತರಿ ಕಾಣದಿದ್ದರೆ ಅವಳನ್ನು ಕೇಳಬೇಕು. ಮಾವನ ಕನ್ನಡಕ ಮಾವನ ಹಣೆಯ ಮೇಲೇ ಇದ್ದರೂ ಅವಳನ್ನೇ ಕೇಳಬೇಕು. ಹೀಗಾಗಿ ಆ ಸೋಮವಾರ ಬೆಳಿಗ್ಗೆ ಹಿತ್ತಿಲ ಗೋಡೆಗೆ ಒರಗಿಸಿಟ್ಟ ಗಳದ ತುದಿಯಲ್ಲಿ ಕೊಕ್ಕೆ ಇಲ್ಲದ್ದು ಕಂಡಾಗ ಅವಳು ಯಾರನ್ನೂ ಕೂಗಲಿಲ್ಲ. ಹಂಡೆಯ ಹಿಂದೆ ನೋಡಿದಳು, ಸೋಪಿನ ಡಬ್ಬಗಳ ಸಂದಿಯಲ್ಲಿ ನೋಡಿದಳು, ಬೂದಿಯ ಗುಂಡಿಯನ್ನೂ ಕೆದಕಿದಳು. ಕೊನೆಗೆ ಗಳವನ್ನು ನೆಲಕ್ಕೆ ಮಲಗಿಸಿ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಕೊಕ್ಕೆ ಕಳಚಿ ಬಿದ್ದದ್ದಲ್ಲ. ಯಾರೋ ಬೆಣೆ ಬಡಿದು ಬಿಚ್ಚಿದ್ದರು. ಬಿಚ್ಚಿದ ಬೆಣೆಯನ್ನು ಜೋಪಾನವಾಗಿ ಕಿಟಕಿಯ ದಂಡೆಯ ಮೇಲೆ ಇಟ್ಟಿದ್ದರು. ಕಳ್ಳರಿಗೆ ಇಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು? ಆ ಮನೆಯಲ್ಲಿ ಕಿತ್ತ ಮೊಳೆಯನ್ನೂ ಎತ್ತಿಡುವವರು ಒಬ್ಬರೇ, ಮಾರುಕಟ್ಟೆಯ ತೂಕದ ಮನೆಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದ ಮಾವ.

ಆ ಕೊಕ್ಕೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಗಿಳಿಯ ಕೊಕ್ಕಿನ ಹಾಗೆ ಬಾಗಿದ ಗೇಣುದ್ದದ ಕಬ್ಬಿಣ. ಕತ್ತಿನ ಬಳಿ ಮೂರು ಗೀರು. ಅದು ಈ ಮನೆಯ ಗುರುತು. ಗಳ ಹಳತಾದರೆ ಹೊಸ ಗಳ ಬರುತ್ತಿತ್ತು, ಕಬ್ಬಿಣ ಮಾತ್ರ ಅದೇ. ಅತ್ತೆ ಹಿಡಿದದ್ದು, ಅತ್ತೆಯ ಅತ್ತೆ ಹಿಡಿದದ್ದು, ಅವರ ಹಿಂದಿನವರ ಹೆಸರು ಈಗ ಯಾರಿಗೂ ಗೊತ್ತಿಲ್ಲ. ಊರಂಚಿನ ಕಾಡು ಯಾವ ಕಾಲದಿಂದಲೋ ಊರೊಟ್ಟಿನದು. ಗುರುತಿನ ಕೊಕ್ಕೆ ಇರುವ ಮನೆಯ ಒಲೆಗೆ ಅಲ್ಲಿಂದ ಒಣ ಸೌದೆ ತರುವ ಹಕ್ಕು. ಕೊಡಲಿ ಒಯ್ಯುವಂತಿಲ್ಲ, ಗಾಡಿ ಹೂಡುವಂತಿಲ್ಲ. ಕೊಕ್ಕೆಗೆ ಎಟುಕಿದ ಒಣ ಕೊಂಬೆ, ನೆಲಕ್ಕೆ ಬಿದ್ದ ಪುಳ್ಳೆ, ತಲೆ ಹೊತ್ತಷ್ಟು ಹೊರೆ. ಹಸಿರೆಲೆ ಒಂದು ಉದುರಿಸಿದರೂ ಹಿಂದಿನವರು ಕಿವಿ ಹಿಂಡುತ್ತಿದ್ದರಂತೆ.

ಮೂರು ವರ್ಷದ ಹಿಂದೆ ಒಂದು ಕಂಪನಿ ಆ ಕಾಡನ್ನು ಗುತ್ತಿಗೆಗೆ ಹಿಡಿದು ಸುತ್ತ ತಂತಿ ಎಳೆಯಿತು. ಒಳಗೆ ಹಣವಂತರು ಬಂದು ತಂಗಲು ಮರದ ಮನೆ ಕಟ್ಟುತ್ತಾರಂತೆ. ಊರವರು ಅದನ್ನು ಬೇಲಿ ಕಂಪನಿ ಎಂದೇ ಕರೆದರು. ಆದರೆ ಕೊಕ್ಕೆ ಇರುವವರಿಗೆ ಬಾಗಿಲು ತೆಗೆಯಲೇಬೇಕು ಎಂದು ಹಿಂದೆಯೇ ಕೋರ್ಟಿನಲ್ಲಿ ತೀರ್ಮಾನವಾಗಿತ್ತು. ಅದಕ್ಕೇ ಕಂಪನಿಯವರು ಒಂದೊಂದೇ ಮನೆಗೆ ಬಂದು, ಒಬ್ಬರಿಗೆ ಮನೆಯ ಮಾಡು ರಿಪೇರಿ ಮಾಡಿಸಿ, ಇನ್ನೊಬ್ಬರಿಗೆ ನಲ್ಲಿ ಹಾಕಿಸಿಕೊಟ್ಟು ಕೊಕ್ಕೆ ಒಪ್ಪಿಸಿಕೊಂಡರು. ಒಪ್ಪಿಸಿದ ಮೇಲೆ ಆ ಮನೆಯ ಹಕ್ಕು ಮುಗಿಯಿತು, ಮತ್ತೆ ಬರುವುದಿಲ್ಲ. ಕೊನೆಗೆ ಉಳಿದದ್ದು ಎರಡೇ. ಒಂದು ಈ ಮನೆಯದು, ಇನ್ನೊಂದು ಪಕ್ಕದ ಮನೆಯ ಸೂಲಗಿತ್ತಿ ಅಜ್ಜಿಯದು.

ಸೊಸೆ ಒಳಗೆ ಬಂದಾಗ ಮಾವ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದರು. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು.

"ಮಾವ, ಕೊಕ್ಕೆ ಕಾಣ್ತಿಲ್ಲ."

"ಕಾಣೋದಿಲ್ಲ."

"ಯಾಕೆ?"

"ಇಲ್ಲ, ಅದಕ್ಕೆ."

ಅತ್ತೆಯ ಚಾಕು ನಿಂತಿತು. "ಇಲ್ಲ ಅಂದ್ರೆ ಏನ್ರೀ ಅರ್ಥ?"

"ಕೊಟ್ಟೆ," ಎಂದರು ಮಾವ, ಬ್ರೆಡ್ಡಿನ ತುದಿ ಚಹಾದೊಳಗೆ ಮುರಿದು ಬಿದ್ದದ್ದನ್ನು ಚಮಚದಲ್ಲಿ ಹುಡುಕುತ್ತಾ.

ಯಾರಿಗೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಅಷ್ಟರಲ್ಲಿ ನಡುಕೋಣೆಯ ಪರದೆ ಸರಿಸಿ ಮೈದುನ ಹೊರಗೆ ಬಂದ. ವಯಸ್ಸು ಇಪ್ಪತ್ತೆಂಟಾದರೂ ಮನೆಯಲ್ಲಿ ಅವನು ಇನ್ನೂ ಪುಟ್ಟ. ಪ್ರೆಸ್ಸಿನ ಕೆಲಸ ಬಿಟ್ಟವನು, ಲಾರಿ ಆಫೀಸಿನ ಕೆಲಸ ಬಿಟ್ಟವನು, ಎರಡು ವರ್ಷದಿಂದ ಯಾವುದನ್ನೂ ಹಿಡಿಯದವನು. ಈಗ ಅವನ ಮೈಮೇಲೆ ಬೂದುಬಣ್ಣದ ಸಮವಸ್ತ್ರ, ಎದೆಯ ಮೇಲೆ ಕಂಪನಿಯ ಬಿಲ್ಲೆ, ಭುಜದಿಂದ ಇಳಿಬಿದ್ದ ಸೀಟಿ.

"ಅಮ್ಮ, ತೋಳು ಸ್ವಲ್ಪ ಉದ್ದ ಆಯ್ತಾ ನೋಡು," ಎಂದ.

ಒಂದು ಗಳಿಗೆ ಅತ್ತೆಯ ಮುಖ ಅರಳಿದ್ದನ್ನು ಸೊಸೆ ನೋಡಿದಳು. ಮಗ ಇಷ್ಟು ಚೆನ್ನಾಗಿ ಕಾಣಿಸದೆ ಎಷ್ಟೋ ಕಾಲವಾಗಿತ್ತು. ಆಮೇಲೆ ಅವರ ಕಣ್ಣು ಬಿಲ್ಲೆಯ ಮೇಲೆ ಬಿತ್ತು. ಅರಳಿದ್ದೆಲ್ಲ ಅಲ್ಲೇ ಬಾಡಿತು.

"ಎಲ್ಲಿ ಕೆಲಸ?"

"ಕಾಡಿನ ಬಾಗಿಲಲ್ಲಿ. ಕಾವಲು."

"ಕೊಕ್ಕೆ ಕೊಟ್ಟು ಕೆಲಸ ತಗೊಂಡ್ರಾ?" ಎಂದು ಅತ್ತೆ ಗಂಡನ ಕಡೆ ತಿರುಗಿದರು.

"ನೀನೇ ತಾನೇ, ಹುಡುಗನಿಗೆ ಏನಾದ್ರೂ ದಾರಿ ಮಾಡಿ, ದಾರಿ ಮಾಡಿ ಅಂತ ನನ್ನ ಕಿವಿ ಕಚ್ತಿದ್ದವಳು. ಮಾಡಿದೀನಿ."

"ದಾರಿ ಮಾಡಿ ಅಂದೆ. ನನ್ನ ದಾರಿಗೆ ಬೇಲಿ ಹಾಕಿ ಅನ್ನಲಿಲ್ಲ."

"ಹಂಡೆಗೆ ಏನು ಮಾಡೋದು ಮಾವ?" ಎಂದು ಸೊಸೆ ಕೇಳಿದಳು. ದನಿ ಎತ್ತಬಾರದೆಂದುಕೊಂಡರೂ ಏರಿತ್ತು. ಬಸ್ ನಿಲ್ದಾಣದ ಹತ್ತಿರದ ಎರಡು ವಸತಿಗೃಹಗಳ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಟವೆಲು ಎಲ್ಲ ಬೆಂದು ಬೆಳ್ಳಗಾಗುತ್ತಿದ್ದದ್ದು ಇದೇ ಹಿತ್ತಿಲಲ್ಲಿ. ಅತ್ತೆ ಸೋಡಾ ಹಾಕಿ ಬೇಯಿಸುವುದು, ಸೊಸೆ ಹಿಂಡಿ ಒಣಗಿಸಿ ಇಸ್ತ್ರಿ ಹಾಕುವುದು. ಆ ಎರಡು ವರ್ಷ ಪುಟ್ಟನ ತಟ್ಟೆ ತುಂಬಿದ್ದು ಆ ಹಂಡೆಯಿಂದಲೇ.

"ಗ್ಯಾಸ್ ಕೊಡ್ತಾರೆ. ಒಲೆ ಒಂದು, ಸಿಲಿಂಡರ್ ಎರಡು. ಮಾತಾಡಿಯೇ ಕೊಟ್ಟಿದೀನಿ. ನಿಮಗೆ ಹೊಗೆ ತಪ್ಪಿತು ಅಂತ ಖುಷಿಪಡಬೇಕು."

"ನಮ್ಮನ್ನ ಒಂದು ಮಾತು ಕೇಳಬಹುದಿತ್ತು."

"ನಿಮ್ಮನ್ನೇನು ಕೇಳೋದು? ಕೊಕ್ಕೆ ನಮ್ಮಪ್ಪಂದು."

"ಕೊಕ್ಕೆ ನಿಮ್ಮಪ್ಪಂದು," ಎಂದರು ಅತ್ತೆ. "ಹೊರೆ ಯಾರದು?"

ಮಾವ ಲೋಟವನ್ನು ಮುಂದೆ ತಳ್ಳಿದರು. ಚಹಾ ಆರಿದೆ, ಬಿಸಿ ಮಾಡು ಎಂದರು. ಆ ದಿನ ಆ ಚಹಾವನ್ನು ಯಾರೂ ಬಿಸಿ ಮಾಡಲಿಲ್ಲ.

ಸಂಜೆ ಗಂಡ ಗ್ಯಾರೇಜಿನಿಂದ ಬಂದು, ನಲ್ಲಿಯ ಕೆಳಗೆ ಕೈಯ ಗ್ರೀಸು ತಿಕ್ಕುತ್ತಿದ್ದಾಗ ಸೊಸೆ ಪಕ್ಕದಲ್ಲಿ ಹೋಗಿ ನಿಂತಳು. ಅವನು ಬಸ್ಸಿನ ಎಂಜಿನ್ ಬಿಚ್ಚಿ ಕಟ್ಟುವವನು. ಎಂಜಿನ್ ಕೆಮ್ಮಿದರೆ ಕಾಯಿಲೆ ಹೇಳುತ್ತಿದ್ದ. ಮನೆಯವರು ಕೆಮ್ಮಿದರೆ ಮಾತ್ರ ಅವನಿಗೆ ಕೇಳಿಸುತ್ತಿರಲಿಲ್ಲ.

"ನಿಮ್ಮಪ್ಪ ಕೊಕ್ಕೆ ಕೊಟ್ಟಿದಾರೆ."

"ಹೂಂ."

"ಹೂಂ ಅಂದ್ರೆ? ಗೊತ್ತಿತ್ತಾ?"

ಅವನು ಸೋಪನ್ನು ಇನ್ನೊಮ್ಮೆ ಹಚ್ಚಿಕೊಂಡ. "ಹೋದ ವಾರ ಹೇಳಿದ್ರು. ಈಗಲೇ ಹೇಳಬೇಡ, ಹೆಂಗಸರು ರಂಪ ಮಾಡ್ತಾರೆ ಅಂದ್ರು. ಮನೇಲಿ ಸುಮ್ಮನೆ ಜಗಳ ಯಾಕೆ ಅಂತ..."

"ಒಂದು ವಾರ ನನ್ನ ಪಕ್ಕ ಕೂತು ಊಟ ಮಾಡಿದ್ರಿ."

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ಗಾದೇನೇ ಇದೆಯಲ್ಲ."

ಒಳಗಿನಿಂದ ಅತ್ತೆಯ ದನಿ ಬಂತು. "ಈ ಮನೇಲಿ ಮಾತಾಡದೇ ಇದ್ದದ್ದೇ ಎರಡನ್ನೂ ಕೆಡಿಸ್ತು ಕಣೋ."

ಸೊಸೆ ಟವೆಲನ್ನು ಅವನ ಕೈಗೆ ಕೊಡದೆ ತಂತಿಯ ಮೇಲೆ ಎಸೆದು ಹೋದಳು.

ಗ್ಯಾಸ್ ಬಂತು. ಅಡುಗೆಗೇನೋ ಚೆನ್ನಾಗಿಯೇ ಇತ್ತು. ಒಲೆಯ ಕಿವಿ ತಿರುವಿದರೆ ನೀಲಿ ಉರಿ, ಕಣ್ಣಿಗೆ ಹೊಗೆಯಿಲ್ಲ. ಮಾವ ದಿನಕ್ಕೆ ಎರಡು ಸಲ ಅಡುಗೆಮನೆಗೆ ಬಂದು ಅದನ್ನು ನೋಡಿ, "ಹೇಗಿದೆ?" ಎಂದು ಕೇಳುತ್ತಿದ್ದರು, ತಾವೇ ಬೆಂಕಿ ಕಂಡುಹಿಡಿದವರಂತೆ. ಆದರೆ ಹಂಡೆ ಆ ಒಲೆಯ ಮೇಲೆ ಕೂರುವುದಿರಲಿ, ಅದರ ಬುಡದ ಕಾಲು ಭಾಗಕ್ಕೂ ಉರಿ ತಾಗಲಿಲ್ಲ. ಅತ್ತೆ ಸೊಸೆ ಇಬ್ಬರೂ ಸಣ್ಣ ಪಾತ್ರೆಗಳಲ್ಲಿ ನೀರು ಕಾಯಿಸಿ ಕಾಯಿಸಿ ಹಂಡೆಗೆ ಸುರಿದರು. ಮೂರನೆಯ ಪಾತ್ರೆ ಕುದಿಯುವಷ್ಟರಲ್ಲಿ ಮೊದಲನೆಯದು ತಣ್ಣಗಾಗಿರುತ್ತಿತ್ತು. ಹೊದಿಕೆಗಳು ಬೇಯಲಿಲ್ಲ, ನೆನೆದವು ಅಷ್ಟೇ.

ಡಿಪೋದಿಂದ ಸೌದೆ ತರಿಸಿದರು. ಬಟ್ಟೆಯ ಕೂಲಿಯೆಲ್ಲ ಒಲೆಯ ಬಾಯಿಗೇ ಹೋಯಿತು. ಮತ್ತೆ ಗ್ಯಾಸಿಗೇ ಬಂದರು. ಮೂರನೆಯ ವಾರ ಮುಗಿಯುವ ಮೊದಲೇ ಎರಡೂ ಸಿಲಿಂಡರ್ ಬರಿದಾದವು.

"ಇನ್ನೊಂದು ಯಾವಾಗ ಕೊಡ್ತಾರೆ?" ಎಂದು ಅತ್ತೆ ಕೇಳಿದರು.

"ಮಿತವಾಗಿ ಉರಿಸಬೇಕಿತ್ತು," ಎಂದರು ಮಾವ.

"ಯಾವಾಗ ಕೊಡ್ತಾರೆ ಅಂತ ಕೇಳಿದೆ."

"ಕೊಡೋದು ಅಂದ್ರೆ ಅದು ಒಂದೇ ಸಲ. ಮುಂದೆ ನಾವು ತುಂಬಿಸ್ಕೋಬೇಕು."

"ಕಾಡು ಒಂದೇ ಸಲ ಕೊಡ್ತಿರಲಿಲ್ಲ," ಎಂದು ಅತ್ತೆ ಖಾಲಿ ಸಿಲಿಂಡರನ್ನು ಕಾಲಿನಿಂದ ಉರುಳಿಸಿ ಮಾವನ ಕುರ್ಚಿಯ ಪಕ್ಕಕ್ಕೆ ತಂದು ನಿಲ್ಲಿಸಿದರು. "ಇಟ್ಕೊಳ್ಳಿ. ಕಾಲು ಚಾಚೋಕೆ ಆಗುತ್ತೆ."

ಆ ಶನಿವಾರ ದೊಡ್ಡ ವಸತಿಗೃಹದ ಮೇಲ್ವಿಚಾರಕಿ ಗಂಟನ್ನು ವಾಪಸು ಕಳಿಸಿದಳು. ಒಂದು ಹೊದಿಕೆಯನ್ನು ಬೇಕೆಂದೇ ಮೇಲೆ ಮಡಿಸಿಟ್ಟಿದ್ದಳು. ಅದರ ಮೇಲೆ ಯಾರೋ ಚೆಲ್ಲಿದ ಕಾಫಿಯ ಕಲೆ ಹಾಗೇ ಇತ್ತು. ಮುಂದಿನ ತಿಂಗಳಿಂದ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಗಂಟು ತಂದವನ ಬಾಯಲ್ಲಿ ಹೇಳಿಕಳಿಸಿದ್ದಳು.

ಅಂದು ಊಟಕ್ಕೆ ಬೇಳೆ ಅರೆಬೆಂದಿತ್ತು. ಮುರಿದ ಪೆಟ್ಟಿಗೆಯ ಹಲಗೆ, ಹಳೇ ಪೇಪರು ಉರಿಸಿ ಎಷ್ಟು ಬೇಯಿಸಬಹುದೋ ಅಷ್ಟು. ಪುಟ್ಟ ಒಂದು ತುತ್ತು ಬಾಯಿಗಿಟ್ಟು ಅಮ್ಮನ ಮುಖ ನೋಡಿದ.

"ಬೆಂದಿಲ್ಲ."

"ಬಾಗಿಲು ಕಾಯೋನಿಗೆ ಹಲ್ಲು ಗಟ್ಟಿ ಇರ್ಬೇಕು. ಅಗಿ," ಎಂದರು ಅತ್ತೆ.

ಪುಟ್ಟ ತಟ್ಟೆಯನ್ನು ಮುಂದೆ ತಳ್ಳಿದ. "ಕೆಲಸ ಇಲ್ಲದಾಗ ಕೂತು ತಿಂತಾನೆ ಅಂತಿದ್ರಿ. ಒಂದು ತುತ್ತು ಜಾಸ್ತಿ ಹಾಕಿಸ್ಕೊಂಡ್ರೆ ಅತ್ತಿಗೆ ಪಾತ್ರೆಯೊಳಗೆ ಇಣುಕಿ ನೋಡ್ತಿದ್ರು. ಈಗ ಕೆಲಸಕ್ಕೆ ಹೋಗ್ತಿದೀನಿ, ಈಗಲೂ ತಪ್ಪಾ? ನಾನು ಎಲ್ಲಿ ನಿಂತ್ರೆ ನಿಮಗೆ ಸರಿ?"

ಸೊಸೆಗೆ ಆ ಮಾತು ನಾಟಿತು. ಅವಳು ಇಣುಕಿ ನೋಡಿದ್ದು ನಿಜ. ಆದರೆ ಸಿಟ್ಟು ಕರಗುವ ಬದಲು ಇನ್ನಷ್ಟು ಏರಿತು. ನಿಜ ಹೇಳಿದವನ ಮೇಲೆ ಬರುವ ಸಿಟ್ಟಿಗೆ ಔಷಧವಿಲ್ಲ.

"ಎಲ್ಲಾದ್ರೂ ನಿಲ್ಲು ಪುಟ್ಟ. ನನ್ನ ಎದುರಿಗೆ ನಿಲ್ಲಬೇಡ. ನಾಳೆ ನಾನು ಕಾಡಿಗೆ ಬರ್ತೀನಿ."

"ಕೊಕ್ಕೆ ಇಲ್ದೇ ಬಿಡೋ ಹಾಗಿಲ್ಲ ಅತ್ತಿಗೆ."

"ನೋಡೋಣ."

"ಅವಳನ್ನ ತಡೆಯೋ," ಎಂದು ಮಾವ ದೊಡ್ಡ ಮಗನಿಗೆ ಹೇಳಿದರು. ದೊಡ್ಡ ಮಗ ಬೇಳೆ ಅಗಿಯುತ್ತಿದ್ದ. ಅದು ಮುಗಿಯುವಂತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಟ್ಟೆಯ ತಂತಿಗೆ ಆನಿಕೆ ಕೊಡುವ ಕೋಲಿನ ತುದಿಗೆ ಗಂಡನ ಪೆಟ್ಟಿಗೆಯಿಂದ ತೆಗೆದ ಒಂದು ಸರಳನ್ನು ಬಾಗಿಸಿ ಕಟ್ಟಿಕೊಂಡು ಹೊರಟಳು. ಬಾಗಿಲಲ್ಲಿ ಆಗಿನ್ನೂ ಯಾರೂ ಇರಲಿಲ್ಲ. ತಂತಿಯ ಕೆಳಗೆ ನುಸುಳಿ ಒಳಗೆ ಹೋದಳು. ಮೂರು ವಾರ ಯಾರೂ ಮುಟ್ಟದ ಪುಳ್ಳೆ ಮರಗಳ ಬುಡದಲ್ಲಿ ರಾಶಿ ಬಿದ್ದಿತ್ತು. ಎರಡು ಒಣ ಕೊಂಬೆ ಎಳೆಯುವಷ್ಟರಲ್ಲಿ ಸರಳು ನೆಟ್ಟಗಾಯಿತು. ಅವಳು ಅದನ್ನು ಅಲ್ಲೇ ಎಸೆದು ಕೈಯಲ್ಲೇ ಆರಿಸಿದಳು. ಹೊರೆ ಕಟ್ಟಿ, ತಲೆಗೆ ಸಿಂಬಿ ಇಟ್ಟು, ಹೊತ್ತು, ಬರುವಾಗ ತಂತಿಯ ಕೆಳಗೆ ನುಸುಳಲಾಗದೆ ಬಾಗಿಲ ಕಡೆಗೇ ನಡೆದಳು.

ಬಾಗಿಲಲ್ಲಿ ಪುಟ್ಟ ಇದ್ದ. ಅವನ ಹಿಂದೆ ಕಂಪನಿಯ ಮ್ಯಾನೇಜರು, ಕೈಯಲ್ಲಿ ಮೊಬೈಲು.

"ಅತ್ತಿಗೆ, ಕೆಳಗಿಡಿ," ಎಂದ ಪುಟ್ಟ ತಗ್ಗಿದ ದನಿಯಲ್ಲಿ.

"ದಾರಿ ಬಿಡು."

"ಪರಿಚಯದವರಾ?" ಎಂದು ಮ್ಯಾನೇಜರು ಕೇಳಿದ.

ಪುಟ್ಟ ಕಿವಿಯವರೆಗೂ ಕೆಂಪಾಗಿದ್ದ. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು ಹೊರೆಯ ಹಗ್ಗಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ. ಅವನು ಎಳೆದ, ಅವಳೂ ಎಳೆದಳು. ಹಗ್ಗ ಅವಳ ಅಂಗೈಯೊಳಗೆ ಉದ್ದಕ್ಕೂ ಜಾರಿತು, ಚರ್ಮ ಅದರ ಜೊತೆಗೇ ಹೋಯಿತು. ಹೊರೆ ಬಿಚ್ಚಿಕೊಂಡು ಚರಂಡಿಗೆ ಉರುಳಿತು.

"ಮುಂದಿನ ಸಲ ಪೊಲೀಸರಿಗೆ ಹೇಳ್ತೀವಿ," ಎಂದ ಮ್ಯಾನೇಜರು, ಅವಳಿಗಲ್ಲ, ಮೊಬೈಲಿಗೆ ಹೇಳುವಂತೆ.

ಅವಳು ಪುಟ್ಟನ ಮುಖವನ್ನು ನೋಡಿದಳು. "ನೀನು ಜ್ವರ ಬಂದು ಮಲಗಿದಾಗ ನಿನ್ನ ವಾಂತಿ ಬಾಚಿದ ಕೈ ಇದು," ಎಂದಳು. ಅಷ್ಟೇ ಹೇಳಿ ಬರಿತಲೆಯಲ್ಲಿ ಮನೆಗೆ ನಡೆದಳು.

ಸಂಜೆ ಪುಟ್ಟ ಬರುವಾಗ ಒಂದು ಮುಲಾಮಿನ ಟ್ಯೂಬು ತಂದಿದ್ದ. ಅದನ್ನು ಮೇಜಿನ ಮೇಲಿಟ್ಟು ಕೈಕಾಲು ತೊಳೆದು ಊಟಕ್ಕೆ ಕುಳಿತ. ಮಾವನೂ ಕುಳಿತರು, ದೊಡ್ಡ ಮಗನೂ ಕುಳಿತ. ತಟ್ಟೆ ಹಾಕಿತ್ತು. ಬಡಿಸಲು ಯಾರೂ ಬರಲಿಲ್ಲ.

ಅತ್ತೆ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಸೊಸೆಯ ಅಂಗೈಗೆ ಬಟ್ಟೆ ಸುತ್ತುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಇಬ್ಬರಿಗೂ ಒಳ್ಳೆಯ ಮಾತು ಕಡಿಮೆ. ಸೋಡಾ ಜಾಸ್ತಿ ಆಯಿತು, ಕಾಲರು ಸರಿ ತಿಕ್ಕಿಲ್ಲ, ಉಪ್ಪು ಮುಂದು, ನೀರು ಹಿಂದು, ಇದರಲ್ಲೇ ಹನ್ನೊಂದು ವರ್ಷ ಕಳೆದಿತ್ತು. ಈಗಲೂ ಅತ್ತೆ ಬಟ್ಟೆಯನ್ನು ಬೇಕಾದದ್ದಕ್ಕಿಂತ ಬಿಗಿಯಾಗಿಯೇ ಕಟ್ಟಿದರು.

"ಈ ಕೈಯಲ್ಲಿ ಹಿಂಡೋಕಾಗಲ್ಲ," ಎಂದಳು ಸೊಸೆ.

"ಬೇಯಿಸಿದ್ರೆ ತಾನೇ ಹಿಂಡೋದು." ಅತ್ತೆ ಗಂಟು ಹಾಕಿ ಎದ್ದರು. "ನಡಿ, ಪಕ್ಕದ ಮನೆಗೆ."

ಸೂಲಗಿತ್ತಿ ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಮೊಣಕಾಲು ಹೋಗಿ ಮೂರು ವರ್ಷ. ಆ ಬೀದಿಯ ಅರ್ಧ ಜನ ಭೂಮಿಗೆ ಬಂದದ್ದು ಅವರ ಕೈಮೇಲೆ. ಆ ಜನರೆಲ್ಲ ಈಗ ದೂರದಿಂದ ಕೈ ಬೀಸಿ ಹೋಗುತ್ತಿದ್ದರು. ಅವರ ಒಲೆಗೆ ಸೊಸೆ ತನ್ನ ಹೊರೆಯಿಂದಲೇ ಒಂದು ಹಿಡಿ ಹಾಕಿ ಬರುತ್ತಿದ್ದಳು. ಈ ಮೂರು ವಾರ ಆ ಹಿಡಿಯೂ ಇಲ್ಲದೆ ಅಜ್ಜಿ ಬೆಳಗಿನ ಒಂದು ಗಂಜಿಯಲ್ಲೇ ದಿನ ತಳ್ಳಿದ್ದರು.

"ನಿಮ್ಮ ಕೊಕ್ಕೆ ಕೊಡಿ, ನಾವು ತರ್ತೀವಿ," ಎಂದರು ಅತ್ತೆ.

"ಹಾಗೆ ಕೊಡೋಕೆ ಬರಲ್ಲ ಕಣೇ. ಮರೆತ್ಯಾ? ಒಲೆಗೊಂದು ಕೊಕ್ಕೆ. ಈ ಒಲೇಲಿ ಬೇಯಿಸಿ ಇಲ್ಲೇ ಉಣ್ಣೋರು ಮಾತ್ರ ಇದನ್ನ ಹಿಡೀಬೇಕು. ಸಾಲಕ್ಕೆ ಕೊಟ್ಟೆ ಅಂತ ಗೊತ್ತಾದ್ರೆ ಇದನ್ನೂ ಕಿತ್ಕೋತಾರೆ. ಆಮೇಲೆ ಆ ಬಾಗಿಲಿಗೆ ಬೀಗವೇ."

ಅತ್ತೆ ಅಡುಗೆಮನೆಯೊಳಗೆ ಕಣ್ಣು ಹಾಯಿಸಿದರು. ತಣ್ಣನೆಯ ಒಲೆ, ಮೂರು ಪಾತ್ರೆ, ಮೂಲೆಯಲ್ಲಿ ಒಂಟಿ ತಟ್ಟೆ.

"ಹಾಗಾದ್ರೆ ಇಲ್ಲೇ ಉಣ್ತೀವಿ," ಎಂದರು.

"ಒಂದು ದಿನದ ಮಾತಲ್ಲ ಅದು."

"ನಾನೂ ಒಂದು ದಿನದ ಮಾತು ಹೇಳಲಿಲ್ಲ."

ಸೊಸೆ ಅವರ ಮುಖ ನೋಡಿದಳು. ಅಣ್ಣತಮ್ಮಂದಿರು ಒಲೆ ಬೇರೆ ಮಾಡುವುದನ್ನು ಅವಳು ಕಂಡಿದ್ದಳು, ಅಪ್ಪಮಗ ಬೇರೆಯಾಗುವುದನ್ನೂ ಕಂಡಿದ್ದಳು. ಹೆಂಡತಿ ಗಂಡನ ಒಲೆ ಬಿಟ್ಟು, ಸೊಸೆಯನ್ನು ಕರೆದುಕೊಂಡು, ಪಕ್ಕದ ಮನೆಯಲ್ಲಿ ಒಲೆ ಹೂಡುವುದನ್ನು ಕೇಳಿಯೂ ಇರಲಿಲ್ಲ.

ಅತ್ತೆ ಮನೆಗೆ ಬಂದವರೇ ಅಡುಗೆಮನೆಯ ಕಪಾಟು ತೆಗೆದರು. ತಮ್ಮ ತಟ್ಟೆ, ಸೊಸೆಯ ತಟ್ಟೆ, ಎರಡು ಪಾತ್ರೆ, ಸೌಟು, ಉಪ್ಪಿನ ಡಬ್ಬ. ಮೇಜಿನ ಸುತ್ತ ಮೂವರು ಗಂಡಸರು ಖಾಲಿ ತಟ್ಟೆಗಳ ಎದುರು ಕೂತು ನೋಡುತ್ತಿದ್ದರು.

"ಏನಿದು?" ಎಂದರು ಮಾವ.

"ಒಲೆ ಬೇರೆ."

"ತಲೆ ಕೆಟ್ಟಿದೆಯಾ? ಗಂಡ ಬದುಕಿರುವಾಗ... ಜನ ಏನಂತಾರೆ?"

"ಗಂಡನ ಒಲೆ ಬಿಟ್ಟವಳು ಅಂತಾರೆ. ಒಲೆಗೆ ಬೇಕಾದ್ದನ್ನ ಗಂಡನೇ ಮಾರಿದ ಅಂತ ನಾನೂ ಹೇಳ್ತೀನಿ. ಜನಕ್ಕೂ ನಾಲ್ಕು ದಿನ ಮಾತಿಗೆ ಆಯ್ತು."

"ಮಗನಿಗಾಗಿ ಮಾಡಿದೆ ಕಣೇ. ನಿನ್ನ ಮಗನಿಗಾಗಿ."

"ಮಗನಿಗೆ ಕೊಡೋದಾದ್ರೆ ನಿಮ್ಮದೇನಿತ್ತೋ ಅದನ್ನ ಕೊಡಬೇಕಿತ್ತು. ನಿಮ್ಮ ಕೈಗಡಿಯಾರ ಇತ್ತು, ಪಿಂಚಣಿ ಇತ್ತು. ನಮ್ಮ ತಲೆ ಮೇಲಿನ ಹೊರೆ ನಿಮಗೆ ಹಗುರವಾಗಿ ಕಾಣ್ತು. ಯಾಕೆ ಅಂದ್ರೆ ನೀವು ಒಂದು ದಿನವೂ ಅದನ್ನ ಹೊರಲಿಲ್ಲ."

ಪುಟ್ಟ ಎದ್ದು ನಿಂತ. "ಅಮ್ಮ, ನಾನು ಕೆಲಸ ಬಿಡ್ತೀನಿ."

"ಬಿಟ್ರೆ ಕೊಕ್ಕೆ ವಾಪಸು ಬರುತ್ತಾ?"

ಅವನು ಮತ್ತೆ ಕುರ್ಚಿಯ ಮೇಲೆ ಕುಳಿತ.

"ಬರೋದಿಲ್ಲ. ಹಾಗಿದ್ಮೇಲೆ ಕೆಲಸವನ್ನಾದ್ರೂ ಇಟ್ಕೋ. ಅದನ್ನೂ ಕಳೆದ್ರೆ ನಿಮ್ಮಪ್ಪ ಇನ್ನೇನು ಮಾರ್ತಾರೋ."

ಸೊಸೆ ಬಾಗಿಲು ದಾಟುವಾಗ ಗಂಡ ಹಿಂದೆಯೇ ಬಂದ. "ನಾನೆಲ್ಲಿ ಉಣ್ಣಲಿ?" ಎಂದು ಪಿಸುಗುಟ್ಟಿದ.

"ಒಂದು ವಾರ ಬಾಯಿ ಮುಚ್ಕೊಂಡು ಕೂತಿದ್ರಲ್ಲ, ಅಲ್ಲೇ ಬಾಯಿ ತೆರೀರಿ," ಎಂದು ಅವಳು ಉಪ್ಪಿನ ಡಬ್ಬ ಎತ್ತಿಕೊಂಡು ನಡೆದಳು.

ಮಲಗುವುದಕ್ಕೆ ಇಬ್ಬರೂ ಮನೆಗೇ ಬರುತ್ತಿದ್ದರು, ಯಾರೊಂದಿಗೂ ಮಾತಿಲ್ಲ. ಉಣ್ಣುವುದು, ಬೇಯಿಸುವುದು, ಪಾತ್ರೆ ತೊಳೆಯುವುದು ಎಲ್ಲ ಅಜ್ಜಿಯ ಮನೆಯಲ್ಲಿ. ಕಾಡಿಗೆ ಮಾತ್ರ ಕೂಡಲೇ ಹೋಗಲಿಲ್ಲ, ಡಿಪೋದಿಂದ ಒಂದಿಷ್ಟು ಸೌದೆ ಕೊಂಡು ಒಲೆ ಉರಿಸಿದರು. ಅವಸರ ಮಾಡಿದರೆ ನಾಟಕ ಅಂತಾರೆ, ಬೀದಿಗೆಲ್ಲ ಗೊತ್ತಾಗಲಿ ಎಂದರು ಅತ್ತೆ. ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಈ ಕಡೆ ಮನೆಯಿಂದ ದಿನವೂ ಸೀದುಹೋದ ಅನ್ನದ ವಾಸನೆ ಬರುತ್ತಿತ್ತು. ಮಾವ ತುಂಬಿಸಿಕೊಂಡು ಬಂದ ಸಿಲಿಂಡರಿಗೆ ರೆಗ್ಯುಲೇಟರ್ ಹಾಕಲು ಬಾರದೆ, ದೊಡ್ಡ ಮಗ ಬರುವವರೆಗೆ ಬರೀ ಬ್ರೆಡ್ಡು ತಿಂದು ಕೂರುತ್ತಿದ್ದರು. ಚಹಾ ಬೇಕಾದರೆ ಮೂಲೆಯ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಯಾರೋ, "ಏನು ಗುಮಾಸ್ತರೇ, ಮನೇಲಿ ತೂಕ ತಪ್ಪಿತಾ?" ಎಂದು ಕೇಳಿದರಂತೆ. ಅಂದಿನಿಂದ ಅಲ್ಲಿಗೂ ಹೋಗಲಿಲ್ಲ.

ನಾಲ್ಕನೆಯ ದಿನ ಗಂಡ ತನ್ನ ತಟ್ಟೆ ಹಿಡಿದುಕೊಂಡು ಅಜ್ಜಿಯ ಬಾಗಿಲಿಗೆ ಬಂದ. ಸೊಸೆ ಏಳಲಿಲ್ಲ.

"ಅಪ್ಪನಿಗೆ ಹೇಳಿ ಬಂದಿದೀನಿ," ಎಂದ.

"ಏನಂತ?"

"ನೀವು ಮಾಡಿದ್ದು ತಪ್ಪು ಅಂತ. ಗೊತ್ತಿದ್ದೂ ಬಾಯಿಬಿಡದ ನನ್ನದೂ ತಪ್ಪು ಅಂತ."

ಸೊಸೆ ಅಜ್ಜಿಯ ಮುಖ ನೋಡಿದಳು. ಅಜ್ಜಿ, "ಪಾತ್ರೆ ತಿಕ್ತಾನೇನು ಕೇಳು," ಎಂದರು. ತಿಕ್ಕುತ್ತೇನೆ ಎಂದ. ಒಳಗೆ ಬಿಟ್ಟಳು. ಸಿಟ್ಟು ಹೋಗಿರಲಿಲ್ಲ, ತಟ್ಟೆಗೆ ಜಾಗ ಮಾಡಿಕೊಟ್ಟಳು, ಅಷ್ಟೇ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ತಮ್ಮ ಮಂಚದ ಕೆಳಗಿನಿಂದ ಕೊಕ್ಕೆ ತೆಗೆಸಿದರು. ಅದರ ಕತ್ತಿನಲ್ಲಿ ಒಂದು ಬಳೆಯ ಗುರುತು. ಸೊಸೆಯ ಗಂಡ ಅದನ್ನು ಹೊಸ ಗಳಕ್ಕೆ ಬೆಣೆ ಹೊಡೆದು ಕೂರಿಸಿಕೊಟ್ಟ. ಅತ್ತೆ ಗಳ ಹಿಡಿದು ಮುಂದೆ, ಸೊಸೆ ಹಗ್ಗ, ಸಿಂಬಿ ಹಿಡಿದು ಹಿಂದೆ.

ಬಾಗಿಲಲ್ಲಿ ಪುಟ್ಟನೂ ಇದ್ದ, ಮ್ಯಾನೇಜರೂ ಇದ್ದ. ಅತ್ತೆಯ ಕೈಯ ಗಳವನ್ನು ನೋಡಿ ಮ್ಯಾನೇಜರು ಕಾರಿನ ಬಾಗಿಲು ಮುಚ್ಚಿ ಹತ್ತಿರ ಬಂದ.

"ಯಾವ ಮನೆ ಕೊಕ್ಕೆ ಇದು?"

"ಸೂಲಗಿತ್ತಿ ಒಲೆಯದು," ಎಂದರು ಅತ್ತೆ.

"ನೀವು ಇವನ ತಾಯಿ ಅಲ್ವಾ? ನಿಮ್ಮ ಮನೇದು ಒಪ್ಪಿಸಿ ಆಗಿದೆ. ಬೇರೆಯವರ ಕೊಕ್ಕೆ ತಂದ್ರೆ ನಡೆಯಲ್ಲ."

"ಬೇರೆಯವರದಲ್ಲ. ನಾವು ಉಣ್ಣೋ ಒಲೆಯದು."

"ಅದಕ್ಕೆ ಏನು ಸಾಕ್ಷಿ?"

ಅತ್ತೆ ಮಗನನ್ನು ನೋಡಿದರು. ಸೊಸೆಯೂ ನೋಡಿದಳು. ಮ್ಯಾನೇಜರಿಗೆ ಆಗ ಹೊಳೆಯಿತು, ಪುಟ್ಟನ ಭುಜದ ಮೇಲೆ ಕೈಯಿಟ್ಟು, "ನೀನೇ ಹೇಳಪ್ಪ. ನಿನ್ನ ತಾಯಿ ನಿಮ್ಮ ಮನೇಲಿ ತಾನೇ ಊಟ ಮಾಡೋದು? ಹೌದು ಅಂದ್ಬಿಡು, ಮುಗೀತು," ಎಂದ.

ಹೌದು ಎಂದರೆ ಬಾಗಿಲು ಮುಚ್ಚುತ್ತಿತ್ತು, ಅಜ್ಜಿಯ ಕೊಕ್ಕೆಯೂ ಹೋಗುತ್ತಿತ್ತು, ಪುಟ್ಟನ ಕೆಲಸ ಗಟ್ಟಿಯಾಗುತ್ತಿತ್ತು. ಪುಟ್ಟನ ಸಮವಸ್ತ್ರದ ತೋಳು ಇನ್ನೂ ಉದ್ದವಾಗಿಯೇ ಇತ್ತು, ಯಾರೂ ಹೊಲಿದುಕೊಟ್ಟಿರಲಿಲ್ಲ.

"ಇಲ್ಲ ಸಾರ್," ಎಂದ.

"ಏನು?"

"ನಮ್ಮಮ್ಮ ನಮ್ಮನೇಲಿ ಊಟ ಮಾಡ್ತಿಲ್ಲ. ಬಿಟ್ಟು ವಾರಕ್ಕೆ ಮೇಲಾಯ್ತು. ಅಜ್ಜಿ ಮನೇಲೇ ಬೇಯಿಸ್ತಾರೆ, ಅಲ್ಲೇ ಉಣ್ತಾರೆ. ಅತ್ತಿಗೇನೂ ಅಷ್ಟೇ. ಅಣ್ಣನೂ ಅಲ್ಲೇ." ಕೊನೆಯ ಮಾತುಗಳು ಒಡೆದು ಬಂದವು. "ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ ಸಾರ್."

ಮ್ಯಾನೇಜರು ಕೈ ತೆಗೆದ. ಅವನನ್ನು ಒಮ್ಮೆ, ಆ ಇಬ್ಬರು ಹೆಂಗಸರನ್ನು ಒಮ್ಮೆ ನೋಡಿ, "ನಿನ್ನ ವಿಷಯ ಆಮೇಲೆ ಮಾತಾಡ್ತೀನಿ," ಎಂದು ಕಾರಿನ ಕಡೆ ಹೋದ. ಪುಟ್ಟ ಚಿಲಕ ಸರಿಸಿದ.

ಒಳಗೆ ಅತ್ತೆ ಸೊಸೆ ಮಾತಿಲ್ಲದೆ ದುಡಿದರು. ಅತ್ತೆ ಕೊಂಬೆಗೆ ಕೊಕ್ಕೆ ಸಿಕ್ಕಿಸಿ ಜಗ್ಗುವರು, ಒಣಗಿದ್ದು ಲಟಕ್ಕನೆ ಮುರಿದು ಬೀಳುವುದು, ಸೊಸೆ ಮಾಯುತ್ತಿದ್ದ ಅಂಗೈಯನ್ನು ಕಾಪಾಡಿಕೊಂಡು ಮೊಣಕಾಲಿಗೆ ಒತ್ತಿ ತುಂಡು ಮಾಡುವಳು. ಎಂದಿಗಿಂತ ದೊಡ್ಡ ಹೊರೆ ಎರಡಾದವು. ಒಮ್ಮೆ ಅತ್ತೆ ಗಳ ಊರಿಕೊಂಡು ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರೋ ಕಣ್ಣೀರೋ ಸೊಸೆ ಕೇಳಲಿಲ್ಲ. "ಹಗ್ಗ ಸಡಿಲ ಇದೆ, ಇನ್ನೊಂದು ಸುತ್ತು ಹಾಕು," ಎಂದರು ಅತ್ತೆ. ಹಾಕಿದಳು.

ವಾಪಸು ಬರುವಾಗ ಪುಟ್ಟ ಬಾಗಿಲನ್ನು ಅರ್ಧ ತೆರೆದು ಹಿಡಿದು ನಿಂತಿದ್ದ. ಅಮ್ಮನ ತಲೆಯ ಮೇಲಿನ ಹೊರೆ ವಾಲುತ್ತಿರುವುದು ಕಂಡು ಎರಡೂ ಕೈ ಮುಂದೆ ಚಾಚಿದ.

"ಕೊಡಮ್ಮ. ಮನೆವರೆಗೂ ತರ್ತೀನಿ."

"ಯಾವ ಮನೆಗೆ?" ಎಂದರು ಅತ್ತೆ.

ಅವನ ಕೈ ಗಾಳಿಯಲ್ಲೇ ನಿಂತಿತು. ಸೊಸೆಗೆ ಅವನ ಮೇಲೆ ಅಯ್ಯೋ ಅನ್ನಿಸಿತು, ಅದಕ್ಕಾಗಿ ತನ್ನ ಮೇಲೆಯೇ ಸಿಟ್ಟೂ ಬಂತು. ಅತ್ತೆ ಹೊರೆಯನ್ನು ಒಂದು ಕೈಯಿಂದ ನೆಟ್ಟಗೆ ಮಾಡಿಕೊಂಡರು.

"ನಿನ್ನ ಕೆಲಸ ಬಾಗಿಲು ತೆಗೆಯೋದು," ಎಂದರು. "ಇನ್ನೂ ಅಗಲವಾಗಿ ತೆಗಿ. ಹಿಂದೆ ನಿಮ್ಮ ಅತ್ತಿಗೆ ಬರ್ತಿದಾಳೆ, ಅವಳ ಹೊರೆ ನನ್ನದಕ್ಕಿಂತ ದೊಡ್ಡದು."

ಪುಟ್ಟ ಬಾಗಿಲನ್ನು ಬೇಲಿಗೆ ತಾಗುವವರೆಗೂ ತಳ್ಳಿ, ಅದನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತ.